ಸೀಗಡಿಯ ಚಿಪ್ಪು

ಸೀಗಡಿಯನ್ನು ಹೊರದೇಶಗಳಿಗೆ ಕಳುಹಿಸುವ ಕಾರ್ಖಾನೆಗಳಲ್ಲಿ ಮೊದಲು ತಲೆಯನ್ನು ಕಿತ್ತು, ಚಿಪ್ಪನ್ನು ಸುಲಿಯುತ್ತಾರೆ. ಮಾಂಸವು ಶೀತಗೃಹವನ್ನು ಸೇರುತ್ತದೆ. ತಲೆ ಚಿಪ್ಪುಗಳು ಬುಟ್ಟಿಯಲ್ಲಿ ಉಳಿಯುತ್ತವೆ. ಹೀಗೆ ಉಳಿಯುವ ಭಾಗವು ಸೀಗಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಕಡಲತೀರದ ಸೆಕೆಯಲ್ಲಿ ಅದು ಬಹುಬೇಗ ಕೊಳೆತು ನಾರತೊಡಗುತ್ತದೆ. ಆ ರಾಶಿಯ ಬಳಿ ಮೂಗು ಮುಚ್ಚಿಕೊಂಡು ನಡೆಯುವವರಿಗೆ, ಗಾಯಾಳುವಿನ ರಕ್ತಸ್ರಾವವನ್ನು ತಡೆಯಬಲ್ಲ ವಸ್ತುವೊಂದರ ಮೂಲ ಅದರಲ್ಲಿದೆಯೆಂದರೆ ನಂಬುಗೆ ಬಾರದು.

ಆ ಮೂಲವಸ್ತುವೇ ಕೈಟಿನ್. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಅದನ್ನು ಮೊದಲು ಕಂಡುದು ಅಣಬೆಯಲ್ಲಿ! 1823ರಲ್ಲಿ ಓಡಿಯೇ ಎಂಬಾತನು ಜೀರುಂಡೆಯ ಹೊರಕವಚದಿಂದ ಅದನ್ನು ಪಡೆದು, ಗ್ರೀಕ್ ಭಾಷೆಯಲ್ಲಿ ನಿಲುವಂಗಿ ಎಂಬರ್ಥವುಳ್ಳ ಪದದಿಂದ ಈ ಹೆಸರಿಟ್ಟನು. ಹೆಸರು ಒಪ್ಪುವಂತಹುದೇ, ಸೀಗಡಿ, ಏಡಿ, ಕೀಟಗಳೆಲ್ಲ ತೊಟ್ಟ ಅಂಗಿ ಇದರಿಂದಲೇ ನೇಯ್ದುದು.

ಚಿಪ್ಪಿನಲ್ಲಿ ಕೈಟಿನ್ ಒಂಟಿಯಾಗಿರುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಪ್ರೋಟೀನು ಅದರೊಡನೆ ಹೆಣೆದುಕೊಂಡಿರುತ್ತವೆ. ಚಿಪ್ಪನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರಿಸಿದಾಗ ಸುಣ್ಣದ ಅಂಶವು ನೊರೆಯೆದ್ದು ಕರಗುತ್ತದೆ. ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕಾಯಿಸಿದಾಗ ಪ್ರೋಟೀನು ಬಿಟ್ಟುಹೋಗುತ್ತದೆ. ಉಳಿದುದೇ ಕೈಟಿನ್. ಅದು ಬಲು ಹಠಮಾರಿ. ನೀರಿನಲ್ಲಿಯೂ ಕರಗದು, ವಿನೆಗರಿನಲ್ಲಿಯೂ ಕರಗದು. 1859ರಲ್ಲಿ ಚಾರ್ಲ್ಸ್ ರೂಜೆ ಅದನ್ನು ಸಾರೀಕೃತ ಕ್ಷಾರದಲ್ಲಿ ಕುದಿಸಿದನು. ಅದರ ಸ್ವಭಾವವೇ ಬದಲಾಗಿ, ಆಮ್ಲಗಳಲ್ಲಿ ಕರಗತೊಡಗಿತು. ಕೈಟಿನ್‌ನ ಅಣುವಿನಿಂದ ಅಸಿಟೈಲ್ ಗುಂಪುಗಳು ಕಳಚಿ, ಅಮೈನೊ ಗುಂಪುಗಳು ತೆರೆದುಕೊಂಡುದೇ ಇದಕ್ಕೆ ಕಾರಣ. ಈ ಹೊಸ ವಸ್ತುವಿಗೆ ಕೈಟೋಸಾನ್ ಎಂದು ಹೆಸರು.

ಸಣ್ಣದೆಂದು ತೋರುವ ಈ ಬದಲಾವಣೆಯ ಪರಿಣಾಮ ದೊಡ್ಡದು. ಕೆಂಪುರಕ್ತಕಣಗಳ ಮೈಮೇಲೆ ಋಣವಿದ್ಯುತ್ತಿನ ಅಂಶವಿರುತ್ತದೆ. ಆಮ್ಲದೊಡನೆ ಬೆರೆತ ಕೈಟೋಸಾನಿನಲ್ಲಿರುವುದು ಧನವಿದ್ಯುತ್ತು. ಆದುದರಿಂದ ಅದರ ಪಟ್ಟಿಯನ್ನು ಗಾಯಕ್ಕೆ ಒತ್ತಿಹಿಡಿದರೆ, ರಕ್ತಕಣಗಳು ಅದಕ್ಕೆ ಅಂಟಿ ಮುದ್ದೆಗಟ್ಟಿ ಗಾಯದ ಬಾಯಿ ಮುಚ್ಚುತ್ತದೆ. 2003ರಲ್ಲಿ ಆರಂಭವಾದ ಇರಾಕ್ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಇಂತಹ ಪಟ್ಟಿಗಳನ್ನು ಬಳಸಲಾಯಿತು.

ನಮ್ಮ ದೇಶದಲ್ಲಿ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸೀಗಡಿಯ ಚಿಪ್ಪಿನಿಂದ ಕೈಟಿನ್, ಕೈಟೋಸಾನ್‌ಗಳನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ. ಆದರೆ ಕೆಲಸ ಅಗ್ಗದ್ದಲ್ಲ. ಆಮ್ಲ, ಕ್ಷಾರಗಳಿಂದ ತೊಳೆದ ನೀರನ್ನು ಹಾಗೆಯೇ ಹೊಳೆಗೆ ಬಿಟ್ಟರೆ ಒಂದು ಕಸವನ್ನು ಕಳೆಯಲು ಹೋಗಿ ಅದಕ್ಕಿಂತ ಕೆಟ್ಟ ಇನ್ನೊಂದನ್ನು ಮಾಡಿದಂತಾಗುತ್ತದೆ. ಈ ಕಾರಣದಿಂದ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವ ಬ್ಯಾಕ್ಟೀರಿಯಗಳಿಂದಲೇ ಚಿಪ್ಪಿನ ಸುಣ್ಣವನ್ನು ಕರಗಿಸುವ ಪ್ರಯೋಗಗಳು ನಡೆದಿವೆ. ಮೊಸರನ್ನು ಹೆಪ್ಪುಗಟ್ಟಿಸುವವೂ ಈ ಬಳಗದವೇ. ವಿಧಾನ ಯಾವುದಾದರೂ, ಚಿಪ್ಪು ಕೊಳೆಯುವ ಮುನ್ನವೇ ಅದನ್ನು ತಣ್ಣಗಿರಿಸಿ ಅಥವಾ ಒಣಗಿಸಿ ಕಾರ್ಖಾನೆಗೆ ತಲುಪಿಸಬೇಕು.