ಹುಪೊಮೊನೆ ಮತ್ತು ತಿತಿಕ್ಷೆ

ಸಂಕಟದಲ್ಲಿಯೂ ಹಿಗ್ಗಬಹುದೆಂಬ ಕ್ರೈಸ್ತಮತದ ಮಾತಿಗೆ ಮೂಲವು, ಸಂತ ಪೌಲನು ಸುಮಾರು ಕ್ರಿ. ಶ. 57ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ಸಂಕಟ, ತಾಳ್ಮೆ, ಪರೀಕ್ಷಿತವಾದ ಶೀಲ, ನಿರೀಕ್ಷೆ ಎಂಬ ನಾಲ್ಕು ಕಾರ್ಯಕಾರಣಕ್ರಮದಿಂದ ಜೋಡಿಸಲ್ಪಟ್ಟಿವೆ.

ತಾಳ್ಮೆಗೆ ಮೂಲದ ಗ್ರೀಕ್ ಶಬ್ದವು 'ಹುಪೊಮೊನೆ'. 'ಹುಪೊ' ಎಂದರೆ ಕೆಳಗೆ, 'ಮೆನೊ' ಎಂದರೆ ನಿಲ್ಲುತ್ತೇನೆ. ಭಾರದಡಿಯಲ್ಲಿ ಕದಲದೆ ನಿಲ್ಲುವುದೆಂದು ಅವಯವಾರ್ಥ. ಶೀಲವಾಚಕವಾದ 'ದೊಕಿಮೆ' ಎಂಬುದರ ಶಬ್ದಕುಲವು ಲೋಹಪರೀಕ್ಷೆಗೂ ಸಲ್ಲುತ್ತಿತ್ತು. ನಮ್ಮಲ್ಲಿ ಒರೆಗೆ ನಿಂತ ಚಿನ್ನವೆನ್ನುವಂತೆ.

ನಮ್ಮ ತಿತಿಕ್ಷೆಯಾದರೋ, ವಿವೇಕಚೂಡಾಮಣಿಯ ಲಕ್ಷಣದಂತೆ, ಪ್ರತೀಕಾರವನ್ನೂ ಚಿಂತೆಯನ್ನೂ ವಿಲಾಪವನ್ನೂ ತೊರೆದ ಸಹನೆ. ಹುಪೊಮೊನೆಯಲ್ಲಿ ವಿಲಾಪಕ್ಕೂ ಎಡೆಯುಂಟು: ಯೇಸುವೇ ಗೆತ್ಸೆಮನೆಯಲ್ಲಿ ಸಂಕಟವು ತಪ್ಪಲೆಂದು ಪ್ರಾರ್ಥಿಸಿ, ಬಳಿಕ ಅದಕ್ಕೆ ಒಳಗಾದನು. ತಿತಿಕ್ಷೆಯು ಸಮಚಿತ್ತತೆಯಲ್ಲಿ ನೆಲೆಗೊಳ್ಳುತ್ತದೆ. ಹುಪೊಮೊನೆಯು ಪುನರುತ್ಥಾನವನ್ನು ನಂಬಿ ಮುಂದನ್ನು ನೋಡುತ್ತದೆ.

ಆದುದರಿಂದ ನೋವೇ ಸುಖವೆಂಬುದು ಈ ಮತದ ಸಿದ್ಧಾಂತವಲ್ಲ. ಆನಂದವು ನಿರೀಕ್ಷೆಯ ಫಲ, ವೇದನೆಯದಲ್ಲ. ದುಃಖಿಗಳೆದುರಿಗೆ ದುಃಖವನ್ನೇ ಹೊಗಳುವ ಉಪದೇಶಕರು ಪೌಲನ ಸರಪಣಿಯನ್ನು ಮೊದಲ ಕೊಂಡಿಯಲ್ಲಿಯೇ ಕಡಿದವರಾಗುತ್ತಾರೆ.