ಬ್ಯಾಕಪ್ ಇದೆ, ಆದ್ರೆ ತೆರೆಯಲ್ಲ: ಪೈಪ್‌ನಲ್ಲಿ ಟೆಕ್ಸ್ಟ್ ಮೋಡ್ ಮಾಡೋ ಹಾನಿ

ಲೋಕಲ್‌ನಲ್ಲಿ ನೆಟ್‌ವರ್ಕ್ ಸಿಗದೆ ವಿಡಿಯೋ ನೋಡೋಕಾಗದವರಿಗೆ ಈ ಬರಹ. ಡೊಂಬಿವಲಿ, ಕಲ್ಯಾಣ್‌ನಿಂದ ಬಂದು ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ ಕಡೆ ಹೋಗೋ ನಮ್ಮಲ್ಲಿ ಬಹಳ ಜನರಿಗೆ ಕೈಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್, ಆಚೆ ಕಡೆ ಲಿನಕ್ಸ್ ಸರ್ವರ್. ಡೇಟಾ ಕೆಡೋದು ಈ ಎರಡರ ನಡುವೆ.

ಲಿನಕ್ಸ್‌ನಲ್ಲಿ ಸಾಲಿನ ಕೊನೆ ಅಂದ್ರೆ ಒಂದೇ ಬೈಟ್: 10. ವಿಂಡೋಸ್‌ನಲ್ಲಿ ಎರಡು: 13, 10. ವಿಂಡೋಸ್ ಪ್ರೋಗ್ರಾಂ ಟೆಕ್ಸ್ಟ್ ಮೋಡ್‌ನಲ್ಲಿ ಬರೆದರೆ ಪ್ರತಿ 10ರ ಹಿಂದೆ ಒಂದು 13 ಸೇರುತ್ತೆ. ಪತ್ರಕ್ಕೆ ಇದರಿಂದ ತೊಂದರೆ ಇಲ್ಲ. ಜಿಜಿಪ್ ಫೈಲ್‌ನಲ್ಲಿ ಮಾತ್ರ 10 ಅನ್ನೋದು ಸಾಲಿನ ಕೊನೆಯಲ್ಲ, ಬರೀ ಡೇಟಾ. ಒಂದು ಬೈಟ್ ಹೆಚ್ಚಾದರೂ ಫೈಲ್ ಹಾಳು. ಪಿಎನ್‌ಜಿ ರೂಪಿಸಿದವರಿಗೆ ಇದು ಗೊತ್ತಿತ್ತು. ಅದರ ಮೊದಲ ಎಂಟು ಬೈಟ್ 137, 80, 78, 71, 13, 10, 26, 10. ದಾರಿಯಲ್ಲಿ ಯಾರಾದರೂ ಸಾಲಿನ ಕೊನೆಯನ್ನು 'ಸರಿಮಾಡಿದರೆ' ಅಲ್ಲೇ ಸಿಕ್ಕಿಬೀಳಲಿ ಅಂತಲೇ 13, 10 ಇಟ್ಟಿದ್ದು.

ಎಚ್ಚರ ಬೇಕಾದ ಜಾಗಗಳು ಮೂರು.

1. ಪವರ್‌ಶೆಲ್ 5.1: ಇಲ್ಲಿ ಪ್ರೋಗ್ರಾಂನ ಔಟ್‌ಪುಟ್ ಮೊದಲು ಅಕ್ಷರವಾಗುತ್ತೆ. 'ಗ್ರೇಟರ್ ದ್ಯಾನ್' ಚಿಹ್ನೆಯಿಂದ ಫೈಲಿಗೆ ಕಳಿಸಿದರೆ ಯುಟಿಎಫ್-16 ಆಗಿ ಕೂರುತ್ತೆ. ಜಿಜಿಪ್ ಫೈಲ್ ಶುರುವಾಗಬೇಕಾದ್ದು 31, 139ರಿಂದ. ನಿಮ್ಮದು 255, 254ರಿಂದ ಶುರುವಾಗಿದ್ದರೆ ಕಾರಣ ಇದೇ. ಕನ್ನಡ ಪಠ್ಯವನ್ನು ಇನ್ನೊಂದು ಪ್ರೋಗ್ರಾಂಗೆ ಪೈಪ್ ಮಾಡಿದರೆ, ಡಿಫಾಲ್ಟ್ ಆಸ್ಕಿ ಆದ್ದರಿಂದ, ಆಚೆ ತಲುಪೋದು ಬರೀ ಪ್ರಶ್ನಾರ್ಥಕ ಚಿಹ್ನೆ. 7.4ರಿಂದ ಎಕ್ಸ್‌ಇ ಪ್ರೋಗ್ರಾಂಗಳ ನಡುವೆ ಬೈಟ್‌ಗಳು ಹಾಗೇ ಹೋಗುತ್ತವೆ. ಹಳೆಯದೇ ಇದ್ದರೆ ಪ್ರೋಗ್ರಾಂನ ಸ್ವಂತ ಔಟ್‌ಪುಟ್ ಆಯ್ಕೆ ಬಳಸಿ, ಇಲ್ಲವೇ ಸಿಎಂಡಿ ಮೂಲಕ ಓಡಿಸಿ.

2. ಡಾಕರ್ ಎಕ್ಸೆಕ್ ಜೊತೆ 'ಹೈಫನ್ ಟಿ': ಟರ್ಮಿನಲ್ ನಡುವೆ ಬಂದು 10 ಇದ್ದದ್ದನ್ನು 13, 10 ಮಾಡುತ್ತೆ. ಎರರ್ ಸಂದೇಶವೂ ಔಟ್‌ಪುಟ್‌ನೊಳಗೇ ಬೆರೆಯುತ್ತೆ. ಡಂಪ್ ತೆಗೆಯುವಾಗ ಟಿ ಬೇಡ. ರಿಸ್ಟೋರ್‌ಗೆ 'ಹೈಫನ್ ಐ' ಒಂದೇ ಸಾಕು.

3. ಪೈಥಾನ್: ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಎರಡೂ ಮೊದಲಿಂದಲೂ ಟೆಕ್ಸ್ಟ್. ಬೈನರಿಗೆ ಅವುಗಳ 'ಬಫರ್' ಹಿಡೀರಿ. ಫೈಲ್ ತೆರೆಯುವಾಗ 'ಆರ್‌ಬಿ', 'ಡಬ್ಲ್ಯೂಬಿ'.

ಇನ್ನು ಪರೀಕ್ಷೆ. ಜಿಜಿಪ್‌ನ ಟೆಸ್ಟ್ ಪಾಸಾಯ್ತು ಅಂತ ನಿಶ್ಚಿಂತೆಯಾಗಬೇಡಿ. ಮೈಎಸ್‌ಕ್ಯೂಎಲ್ ಡಂಪ್‌ನ ಮೊದಲ ಸಾಲಲ್ಲಿ ಪಾಸ್‌ವರ್ಡ್ ಎಚ್ಚರಿಕೆ ಸೇರಿಕೊಂಡ ಮೇಲೆ ಜಿಜಿಪ್ ಮಾಡಿದ್ದರೆ, ಜಿಜಿಪ್ ಆ ಕೆಟ್ಟ ಡಂಪನ್ನೇ ಅಚ್ಚುಕಟ್ಟಾಗಿ ಕಟ್ಟಿಟ್ಟಿರುತ್ತೆ. ಟೆಸ್ಟ್ ಪಾಸ್, ರಿಸ್ಟೋರ್ ಫೇಲ್. ಫೈಲ್ ಸಾಗಿಸುವಾಗ ಎರಡೂ ತುದಿಯಲ್ಲಿ ಎಸ್‌ಎಚ್‌ಎ-256 ಹೋಲಿಸಿ. ಬ್ಯಾಕಪ್ ಆದರೆ ಆಗಾಗ ಖಾಲಿ ಡೇಟಾಬೇಸ್‌ಗೆ ರಿಸ್ಟೋರ್ ಮಾಡಿ, ಟೇಬಲ್‌ಗಳ ಸಾಲು ಎಣಿಸಿ ನೋಡಿ. ಸರ್ವರ್ ಬಿದ್ದ ರಾತ್ರಿ ಬೇಕಾಗೋದು ಬ್ಯಾಕಪ್ ಅಲ್ಲ, ರಿಸ್ಟೋರ್.