ನಂಬರು ಬದಲಿಸದೆ ಕಂಪನಿ ಬದಲಿಸಿ

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯೊಂದರಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕೊಟ್ಟಿಗೆಯಲ್ಲಿ ಸಿಗ್ನಲ್ ಇಲ್ಲ. ಆ ಅಕ್ಕ ಕತ್ತಲಲ್ಲಿ ರಸ್ತೆಗೆ ಓಡಿ ಬಂದು ಫೋನ್ ಮಾಡಿದರು. ನಾನು ತಲುಪುವಷ್ಟರಲ್ಲಿ ಕರು ಹೋಗಿತ್ತು.

ಹಾಗೆಂದು ಹೊಸ ನಂಬರು ಕೊಳ್ಳಬೇಡಿ. ಹಾಲಿನ ಹಣ ಬರುವ ಖಾತೆ, ರಾಸಿನ ಕಿವಿಯೋಲೆಯ ದಾಖಲೆ ಎರಡಕ್ಕೂ ಹಳೇ ನಂಬರೇ ಕೊಟ್ಟಿರುತ್ತೀರಿ. ಅಂಗಡಿಯವರ ಮಾತು ಬಿಡಿ. ನೆರೆಯವರ ಫೋನ್‌ಗಳನ್ನು ಕೊಟ್ಟಿಗೆಗೇ ತಂದು ಯಾವ ಕಂಪನಿ ಸಿಗುತ್ತದೆ ನೋಡಿ. ನಂತರ ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡ್ 4 ದಿನ ಮಾತ್ರ ನಡೆಯುತ್ತದೆ. ಆಧಾರ್ ಜೊತೆ ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಉಳಿದ ಕರೆನ್ಸಿ ಹೋಗುತ್ತದೆ, ರೀಚಾರ್ಜ್ ಮುಗಿಯುವ ವಾರ ಬದಲಿಸಿ.

ಬದಲಾಗುವಾಗ ಕೆಲವು ಗಂಟೆ ಫೋನ್ ಕೆಲಸ ಮಾಡದು. ದಿನ ತುಂಬಿದ ಹಸುವಿದ್ದರೆ 1962ಕ್ಕೆ ಕರೆ ಮಾಡಲು ಪಕ್ಕದ ಮನೆಯ ಫೋನ್ ಕೈಯಲ್ಲಿರಲಿ.